ಸೇನೆ ಬಿಟ್ಟ ಬಂದೂಕು: ಹೊಸ ಹವ್ಯಾಸಿಗೆ ಒಂದು ಶಾಸ್ತ್ರೀಯ ಕೈಪಿಡಿ

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕ ಕನ್ನಡಿಗನ ಮುಂದೆ ಎರಡು ದಾರಿಗಳಿವೆ. ಒಂದು, ಹಿತ್ತಲಿನಲ್ಲಿ ಬದನೆ, ಹೀರೆ, ಕರಿಬೇವು ಬೆಳೆದು ಅದರ ಫೋಟೊ ಊರಿಗೆ ಕಳಿಸುವುದು. ಇನ್ನೊಂದು, ಗ್ಯಾರೇಜಿನಲ್ಲಿ ಎರಡನೇ ಮಹಾಯುದ್ಧದ ರೈಫಲ್ ಇಟ್ಟುಕೊಂಡು ಅದರ ಫೋಟೊ ಯಾರಿಗೂ ಕಳಿಸದಿರುವುದು. ಮೊದಲನೆಯದರ ಬಗ್ಗೆ ಬೇಕಾದಷ್ಟು ಸಾಹಿತ್ಯ ಬಂದಿದೆ. ಎರಡನೆಯದಕ್ಕೆ ಕನ್ನಡದಲ್ಲಿ ಒಂದು ಶಾಸ್ತ್ರಗ್ರಂಥವೂ ಇಲ್ಲ ಎಂಬುದು ತಜ್ಞವಲಯದ ಬಹುಕಾಲದ ಕೊರಗು. ಅದು ನೀಗಲೆಂದು ಈ ಬರಹ.

ತಜ್ಞ ಎಂದರೆ ಯಾರು ಎಂಬುದು ಮೊದಲು ಇತ್ಯರ್ಥವಾಗಲಿ. ಬಂದೂಕು ಕೊಂಡು ಒಂದು ವಾರ ಕಳೆದವನು ತಜ್ಞ. ನಿನ್ನೆ ಕೊಂಡವನು ಹೊಸಬ. ಇನ್ನೂ ಕೊಳ್ಳದೆ ಬರೀ ಓದಿಕೊಂಡಿರುವವನು ಹಿರಿಯ ತಜ್ಞ. ಈ ಕೈಪಿಡಿ ಹಿರಿಯ ತಜ್ಞರ ಕಡೆಯಿಂದ ಬಂದದ್ದು.

ಅರ್ಹತೆ

ಭಾರತದಲ್ಲಿ ಕೂತು ಈ ಹವ್ಯಾಸ ಮಾಡುವಂತಿಲ್ಲ. ನಮ್ಮ ಕಾನೂನಿನಲ್ಲಿ ಸೇನೆಯ ತೋಟಾ ಹಿಡಿಸುವ ರೈಫಲ್ ‘ನಿಷಿದ್ಧ ಬೋರ್’. .303 ರೈಫಲ್ ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳ ಹೆಗಲ ಮೇಲಿತ್ತು. ಆಮೇಲೆ ದಶಕಗಟ್ಟಲೆ ನಮ್ಮ ಪೊಲೀಸರ ಹೆಗಲ ಮೇಲಿತ್ತು. ನಾಗರಿಕನಿಗೆ ಮಾತ್ರ .315. ಸಿಪಾಯಿಯ ಗುಂಡು ಊರವನ ಬಂದೂಕಿಗೆ ಹೊಂದಬಾರದು ಎಂಬ ಬ್ರಿಟಿಷರ ಮುಂದಾಲೋಚನೆಯನ್ನು ಸ್ವತಂತ್ರ ಭಾರತ ಭಕ್ತಿಯಿಂದ ಉಳಿಸಿಕೊಂಡು ಬಂದಿದೆ. ಮೊದಲು ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿಯ ನಂತರ ಎರಡೇ. ಎರಡಕ್ಕೆ ನಿಲ್ಲುವವನನ್ನು ಹವ್ಯಾಸಿ ಎನ್ನಲು ಶಾಸ್ತ್ರ ಒಪ್ಪುವುದಿಲ್ಲ.

ಕೊಡಗಿನವರು ಈ ಬರಹ ಓದುವ ಅಗತ್ಯವಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ, ‘ತೋಕ್ ಪೂ’ ಎಂಬ ಹೂವು ಮುಡಿಸಿ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ, ಊಟ ಮಾಡುತ್ತಾರೆ. ಕೋವಿಯನ್ನು ಇಷ್ಟು ಸಲೀಸಾಗಿ ಬಳಸುವವರ ನಡುವೆ ತಜ್ಞರು ಹುಟ್ಟುವುದು ಕಷ್ಟ.

ಅಮೆರಿಕದಲ್ಲಿ ಪರಿಸ್ಥಿತಿ ಸುಗಮ. ಅಂಗಡಿಯವರು ‘4473’ ಎಂಬ ಫಾರಂ ಕೊಡುತ್ತಾರೆ. ನೀವು ತಲೆಮರೆಸಿಕೊಂಡ ಅಪರಾಧಿಯೇ, ಮಾದಕ ವ್ಯಸನಿಯೇ ಎಂದು ಅದು ನಿಮ್ಮನ್ನೇ ಕೇಳುತ್ತದೆ. ತಲೆಮರೆಸಿಕೊಂಡವರು ‘ಹೌದು’ ಎಂದು ಗುರುತು ಹಾಕಿ ಸಿಕ್ಕಿಬೀಳುತ್ತಾರೆ ಎಂಬುದು ಫಾರಂ ಬರೆದವರ ಆಶಯ. ಆಮೇಲೆ ಎಫ್‌ಬಿಐ ಕಂಪ್ಯೂಟರ್ ನಿಮ್ಮ ಪೂರ್ವಾಪರ ನೋಡುತ್ತದೆ. ಬಹುಪಾಲು ಜನರ ಪೂರ್ವಾಪರ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾದವರಿಗೆ ಸರ್ಕಾರದ ಈ ಚುರುಕು ಕಂಡು ಕಣ್ಣು ತುಂಬಿ ಬರುವುದುಂಟು.

ಎಚ್‌1ಬಿ ವೀಸಾದವರಿಗೆ ಸಾಮಾನ್ಯವಾಗಿ ಬಂದೂಕು ಕೊಡುವುದಿಲ್ಲ. ಆದರೆ ಬೇಟೆಯ ಪರವಾನಗಿ ಇದ್ದವರಿಗೆ ಕಾನೂನಿನಲ್ಲೇ ವಿನಾಯಿತಿ ಇದೆ. ಅಂದರೆ, ಸಾಫ್ಟ್‌ವೇರ್ ಬರೆಯಲು ಬಂದವನು ಬರೀ ಸಾಫ್ಟ್‌ವೇರ್ ಬರೆಯುತ್ತೇನೆ ಎಂದರೆ ಸಂಶಯಾಸ್ಪದ. ಬಿಡುವಾದಾಗ ಜಿಂಕೆಯನ್ನೂ ಕೊಲ್ಲುತ್ತೇನೆ ಎಂದರೆ ನಂಬಿಕಸ್ಥ. ಮಲ್ಲೇಶ್ವರದ ಸಸ್ಯಾಹಾರಿ ಹುಡುಗನ ಜೇಬಿನಲ್ಲಿ ಟೆಕ್ಸಾಸ್ ರಾಜ್ಯದ ಬೇಟೆ ಪರವಾನಗಿ ಕಂಡರೆ ಮನೆಯವರು ಗಾಬರಿಯಾಗಬೇಕಿಲ್ಲ. ಜಿಂಕೆಯೂ ಗಾಬರಿಯಾಗಬೇಕಿಲ್ಲ.

ಇನ್ನೂ ಮುಂದೆ ಹೋಗುವವರಿಗೆ ಸಂಗ್ರಾಹಕರ ಲೈಸೆನ್ಸ್ ಇದೆ. ಮೂರು ವರ್ಷಕ್ಕೆ 30 ಡಾಲರ್. ಐವತ್ತು ವರ್ಷ ದಾಟಿದ ಬಂದೂಕು ಸರ್ಕಾರದ ಲೆಕ್ಕದಲ್ಲಿ ಸ್ಮಾರಕವಸ್ತು. ಅದನ್ನು ನೇರ ಮನೆಗೇ ತರಿಸಿಕೊಳ್ಳಬಹುದು. ಐವತ್ತು ದಾಟಿದ್ದೆಲ್ಲ ನಿರುಪದ್ರವಿ ಎಂಬ ಈ ತತ್ವವನ್ನು ಗಂಡಸರಿಗೂ ಅನ್ವಯಿಸಬಹುದೇ ಎಂದು ತಜ್ಞರಲ್ಲಿ ಚರ್ಚೆ ನಡೆದಿದೆ.

ಒಂದು ಕಾಲಕ್ಕೆ ಇಷ್ಟೂ ಬೇಕಿರಲಿಲ್ಲ. ಪತ್ರಿಕೆಯ ಜಾಹೀರಾತು ಕತ್ತರಿಸಿ ಹಣ ಕಳಿಸಿದರೆ ಇಟಲಿಯ ಸೇನೆ ಬಿಟ್ಟ ಕಾರ್ಕಾನೊ ರೈಫಲ್ ಟಪಾಲಿನಲ್ಲಿ ಬರುತ್ತಿತ್ತು. ದುರ್ಬೀನು ಸಹಿತ 19 ಡಾಲರ್ 95 ಸೆಂಟ್, ಸಾಗಾಟ ಬೇರೆ. 1963ರ ಮಾರ್ಚಿನಲ್ಲಿ ಲೀ ಹಾರ್ವಿ ಓಸ್ವಾಲ್ಡ್ ಎಂಬ ಗ್ರಾಹಕ ಸುಳ್ಳು ಹೆಸರಿನಲ್ಲಿ ಶಿಕಾಗೊದ ಅಂಗಡಿಯೊಂದರಿಂದ ಹೀಗೆ ತರಿಸಿಕೊಂಡ. ನವೆಂಬರಿನಲ್ಲಿ ಅಧ್ಯಕ್ಷ ಕೆನಡಿ ಸತ್ತರು. ಟಪಾಲು ವ್ಯಾಪಾರ ನಿಲ್ಲಿಸುವ ಕಾನೂನು 1968ರಲ್ಲಿ ಬಂತು. ಅಷ್ಟರಲ್ಲಿ ಕೆನಡಿಯ ತಮ್ಮನೂ ಮಾರ್ಟಿನ್ ಲೂಥರ್ ಕಿಂಗ್ ಅವರೂ ಗುಂಡಿಗೆ ಬಲಿಯಾಗಿದ್ದರು. ಆತುರಪಟ್ಟು ಕಾನೂನು ಮಾಡಿದರು ಎಂದು ಹವ್ಯಾಸಿಗಳ ಒಂದು ಪಂಗಡ ಈಗಲೂ ನೊಂದುಕೊಳ್ಳುತ್ತದೆ.

ಆಯ್ಕೆ

ಹೊಸಬನಿಗೆ ತಜ್ಞರು ಒಕ್ಕೊರಲಿನಿಂದ ಸೂಚಿಸುವುದು ರಷ್ಯದ ಮೋಸಿನ್-ನಗಾನ್. 1891ರಲ್ಲಿ ತ್ಸಾರನ ಸೇನೆಗೆ ಬಂದ ರೈಫಲ್ ಇದು. ರಷ್ಯದ ಸೆರ್ಗೈ ಮೋಸಿನ್, ಬೆಲ್ಜಿಯಂನ ಲಿಯೋನ್ ನಗಾನ್ ಇಬ್ಬರ ಕಲ್ಪನೆಗಳೂ ಇದರಲ್ಲಿವೆ. 1930ರಲ್ಲಿ ಸೋವಿಯತ್ ಸರ್ಕಾರ ಇದನ್ನು ಸುಧಾರಿಸಿ ‘91/30’ ಎಂದು ಹೆಸರಿಟ್ಟಿತು. ದೂರ ಅಳೆಯುವ ಪಟ್ಟಿಯಲ್ಲಿ ಅರ್ಷಿನ್ ಎಂಬ ಹಳೇ ರಷ್ಯನ್ ಗಜ ಹೋಗಿ ಮೀಟರ್ ಬಂತು. ಕ್ರಾಂತಿಯ ಮಿಕ್ಕ ಫಲಗಳ ಬಗ್ಗೆ ಭಿನ್ನಾಭಿಪ್ರಾಯವಿದೆ. ಮೀಟರಿನ ಬಗ್ಗೆ ಇಲ್ಲ.

ಎಲ್ಲ ನಮೂನೆಗಳೂ ಸೇರಿ ಇಂಥ ರೈಫಲ್ ಸುಮಾರು 3.7 ಕೋಟಿ ತಯಾರಾದವು ಎಂದು ಲೆಕ್ಕ. ಇಷ್ಟು ತಯಾರಾದ ವಸ್ತುವನ್ನು ‘ಅಪರೂಪದ್ದು’ ಎಂದು ಮಾರಬೇಕಾದರೆ ಪಾಂಡಿತ್ಯ ಬೇಕು. ಉದಾಹರಣೆಗೆ, 1936ರವರೆಗಿನ ಮೋಸಿನ್‌ನಲ್ಲಿ ನಳಿಗೆಯ ಬುಡದ ಕವಚ ಕೋನಕೋನವಾಗಿ ಚಪ್ಪಟೆ ಮುಖಗಳಿಂದ ಕೂಡಿದೆ. ಆಮೇಲಿನದ್ದು ಗುಂಡಗೆ. ಕೋನಗಳಿದ್ದರೆ ಬೆಲೆ ಹೆಚ್ಚು. ಗುಂಡು ಬೀಳುವ ಜಾಗಕ್ಕೂ ಕೋನಗಳಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧವಿದ್ದಿದ್ದರೆ ಅದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡುತ್ತಿದ್ದರು, ತಜ್ಞರ ಕೆಲಸ ಹೋಗುತ್ತಿತ್ತು.

ಅಂಗಸೌಷ್ಠವ ಹೀಗಿದೆ. ಉದ್ದ 123 ಸೆಂಟಿಮೀಟರ್, ತೂಕ ನಾಲ್ಕು ಕೆಜಿ, ಹೊಟ್ಟೆಯಲ್ಲಿ ಐದು ಗುಂಡು. ಬಯನೆಟ್ ಸಿಕ್ಕಿಸಿದರೆ 166 ಸೆಂಟಿಮೀಟರ್. ನಮ್ಮಲ್ಲಿ ಅನೇಕರ ಎತ್ತರವೂ ಅಷ್ಟೇ ಇರುವುದರಿಂದ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವಾಗ ಎಚ್ಚರ ವಹಿಸಬೇಕು. ಆಧುನಿಕ ರೈಫಲ್‌ನಲ್ಲಿ ಸೇಫ್ಟಿ ಎಂದರೆ ಹೆಬ್ಬೆರಳಿಗೆ ಸಿಗುವ ಸಣ್ಣ ಗುಂಡಿ. ಮೋಸಿನ್‌ನಲ್ಲಿ ಬೋಲ್ಟಿನ ಹಿಂಬದಿಯ ಗುಬುಟನ್ನು ಬಿಗಿಯಾದ ಸ್ಪ್ರಿಂಗಿನ ವಿರುದ್ಧ ಎಳೆದು, ಎಳೆದ ಹಾಗೇ ಎಡಕ್ಕೆ ತಿರುಗಿಸಿ ಕೂರಿಸಬೇಕು. ಹಾಗೆ ಮಾಡಿ ಮುಗಿಸಿದವನಿಗೆ ಆ ದಿನ ಯಾರ ಮೇಲೂ ದ್ವೇಷ ಉಳಿದಿರುವುದಿಲ್ಲ. ಸುರಕ್ಷತೆ ಎಂದರೆ ಇದೇ.

ಬೇರೆ ಆಯ್ಕೆಗಳೂ ಇವೆ. ಅಮೆರಿಕದ್ದೇ ಆದ ಎಂ1 ಗರಾಂಡ್ ಎಂಟು ಗುಂಡು ಮುಗಿದೊಡನೆ ಖಾಲಿ ಕ್ಲಿಪ್ಪನ್ನು ‘ಪಿಂಗ್’ ಎಂದು ಮೇಲಕ್ಕೆ ಚಿಮ್ಮಿಸುತ್ತದೆ, ಅಜಾಗರೂಕನ ಹೆಬ್ಬೆರಳನ್ನು ಬೋಲ್ಟಿನಲ್ಲಿ ಕಚ್ಚುತ್ತದೆ. ಉಗುರು ಕಪ್ಪಾದವನು ಗರಾಂಡ್ ಸಂಘದ ಪೂರ್ಣ ಸದಸ್ಯ. ಸ್ವಿಟ್ಜರ್ಲೆಂಡಿನ ಕೆ31 ಇದೆ. ಅದರ ಗುರಿ ಕರಾರುವಾಕ್ಕು, ಬೋಲ್ಟ್ ಬೆಣ್ಣೆ, ಹಿಂಬದಿಯ ತಗಡು ಬಿಚ್ಚಿದರೆ ಒಳಗೆ ಅದನ್ನು ಬಳಸಿದ ಸೈನಿಕನ ಹೆಸರು-ವಿಳಾಸದ ಚೀಟಿ ಸಹ ಸಿಗುವುದುಂಟು. ಕೆಟ್ಟದ್ದೇನೂ ಇಲ್ಲ. ಅದೇ ತೊಂದರೆ. ದೂರಲು ಏನೂ ಇಲ್ಲದ ಬಂದೂಕನ್ನು ಇಟ್ಟುಕೊಂಡು ಯಾರೂ ತಜ್ಞರಾದದ್ದಿಲ್ಲ.

ದೇಶಾಭಿಮಾನಿಗಳಿಗೆ ಇಷಾಪುರದ ರೈಫಲ್ ಇದೆ. 1962ರ ಚೀನಾ ಯುದ್ಧದ ನಂತರ ಬಂಗಾಳದ ಇಷಾಪುರ ಕಾರ್ಖಾನೆ ಹಳೇ .303 ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ 7.62 ಗುಂಡಿಗೆ ಹೊಂದಿಸಿ ತಯಾರಿಸಿದ ‘2ಎ1’ ಮಾದರಿ. ನಮ್ಮ ಸೇನೆಗೆ ಬೇಡವಾದ ಮೇಲೆ ಅದರಲ್ಲಿ ಬಹಳಷ್ಟು ಅಮೆರಿಕದ ಅಂಗಡಿಗೆ ಹೋದವು. ಭಾರತದ ತೆರಿಗೆ ಹಣದಲ್ಲಿ ಭಾರತದಲ್ಲೇ ತಯಾರಾದ ಈ ರೈಫಲನ್ನು ಭಾರತೀಯನೊಬ್ಬ ಕಾನೂನುಬದ್ಧವಾಗಿ ಕೊಳ್ಳಬೇಕಾದರೆ ಮೊದಲು ಭಾರತ ಬಿಟ್ಟು ಹೋಗಬೇಕು. ಆತ್ಮನಿರ್ಭರತೆಯ ಈ ಘಟ್ಟವನ್ನು ಮಿಕ್ಕ ಯಾವ ಉದ್ಯಮವೂ ಇನ್ನೂ ತಲುಪಿಲ್ಲ.

ಜನ್ಮವೃತ್ತಾಂತ

ನೀವು ಕೊಂಡ ಮೋಸಿನ್ ಸ್ಟಾಲಿನ್‌ಗ್ರಾಡ್ ಕದನದಲ್ಲಿ ಇತ್ತು. ಇದಕ್ಕೆ ಪುರಾವೆ ಬೇಕಿಲ್ಲ. 1942 ಎಂದು ಮುದ್ರೆ ಇದ್ದರೆ ಖಂಡಿತ ಇತ್ತು. 1943 ಎಂದಿದ್ದರೆ ಕದನದ ಕೊನೆಯಲ್ಲಿ ತಲುಪಿತು. 1934 ಎಂದಿದ್ದರೆ ಮೊದಲಿಂದಲೂ ಅಲ್ಲೇ ಕಾಯುತ್ತಿತ್ತು. ಸ್ನೈಪರ್ ವಸೀಲಿ ಜೈತ್ಸೆವ್ ಬಗ್ಗೆ 2001ರಲ್ಲಿ ‘ಎನಿಮಿ ಅಟ್ ದ ಗೇಟ್ಸ್’ ಸಿನಿಮಾ ಬಂದ ಮೇಲಂತೂ ಬೇರೆ ಊರಿನ ಮೋಸಿನ್ ಮಾರುಕಟ್ಟೆಯಲ್ಲಿ ಸಿಗುವುದೇ ಕಷ್ಟ. ಅಮೆರಿಕದ ಗ್ಯಾರೇಜುಗಳಲ್ಲಿರುವ ಮೋಸಿನ್‌ಗಳೆಲ್ಲ ಆ ಒಂದೇ ಊರಿನಲ್ಲಿದ್ದವು ಎಂದಾದರೆ ಜರ್ಮನರಿಗೆ ನಿಲ್ಲಲು ಜಾಗ ಎಲ್ಲಿತ್ತು ಎಂಬುದು ಸೇನಾ ಇತಿಹಾಸಕಾರರು ಬಿಡಿಸಬೇಕಾದ ಒಗಟು.

ಫಿನ್ಲೆಂಡಿನ ಮುದ್ರೆಯಿದ್ದರೆ ಸಿಮೊ ಹೈಹಾ ಹೆಸರು ಹೇಳಬೇಕು. ಈ ರೈತ 1939-40ರ ಚಳಿಗಾಲದ ಯುದ್ಧದಲ್ಲಿ ಮೋಸಿನ್‌ನ ಫಿನ್ನಿಶ್ ಅವತಾರ ಹಿಡಿದು, ದುರ್ಬೀನಿಲ್ಲದೆ, ನೂರು ದಿನದೊಳಗೆ ಐನೂರಕ್ಕೂ ಹೆಚ್ಚು ಸೋವಿಯತ್ ಸೈನಿಕರನ್ನು ಹೊಡೆದ ಎಂದು ಪ್ರತೀತಿ. ಹೊಸ ಹವ್ಯಾಸಿಯೂ ಇದರಿಂದ ಸ್ಫೂರ್ತಿ ಪಡೆದು ಮೊದಲು ದುರ್ಬೀನು ಕೊಳ್ಳುತ್ತಾನೆ.

ಬಂದೂಕು ಹಿಡಿದವರಿಗೆ ಅಮೆರಿಕ ಕೇಳುವ ಪ್ರಶ್ನೆಗಳ ಗುಣಮಟ್ಟ ಹೊಸದಾಗಿ ಇಳಿದದ್ದೇನೂ ಅಲ್ಲ. 309 ಜನರನ್ನು ಹೊಡೆದಳೆಂದು ದಾಖಲಾಗಿದ್ದ ಸೋವಿಯತ್ ಸ್ನೈಪರ್ ಲ್ಯುದ್ಮಿಲಾ ಪಾವ್ಲಿಚೆಂಕೊ 1942ರಲ್ಲಿ ಅಮೆರಿಕಕ್ಕೆ ಬಂದಾಗ ಪತ್ರಕರ್ತರು ಕೇಳಿದ್ದರಲ್ಲಿ ಅವಳ ಸಮವಸ್ತ್ರದ ಸ್ಕರ್ಟಿನ ಉದ್ದವೂ ಸೇರಿತ್ತು, ಮುಖದ ಪೌಡರೂ ಸೇರಿತ್ತು.

ಜಿಡ್ಡು

ರೈಫಲ್ ಮನೆಗೆ ಬಂದಾಗ ರೈಫಲ್ ಕಾಣುವುದಿಲ್ಲ. ಕಾಸ್ಮೊಲಿನ್ ಕಾಣುತ್ತದೆ. ತುಕ್ಕು ಹಿಡಿಯದಿರಲಿ ಎಂದು ಪೆಟ್ರೋಲಿಯಂನಿಂದ ಮಾಡಿದ ಕಂದು ಜಿಡ್ಡು ಇದು. ಯುದ್ಧ ಮುಗಿದ ಮೇಲೆ ಸೋವಿಯತ್ ಕಾರ್ಯಾಗಾರಗಳು ರೈಫಲ್‌ಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಅರಗಿನ ಹೊಳಪು ಕೊಟ್ಟು, ಈ ಜಿಡ್ಡಿನಲ್ಲಿ ಮುಳುಗಿಸಿ, ಪೆಟ್ಟಿಗೆಗೆ ಇಪ್ಪತ್ತರಂತೆ ತುಂಬಿ, ಮುಂದಿನ ಮಹಾಯುದ್ಧಕ್ಕೆಂದು ಉಗ್ರಾಣಗಳಲ್ಲಿಟ್ಟವು. ಮಹಾಯುದ್ಧ ಬರಲಿಲ್ಲ, ಸೋವಿಯತ್ ದೇಶವೇ ಹೋಯಿತು, ಜಿಡ್ಡು ಉಳಿಯಿತು. ಸಮಾಜವಾದದ ಅತ್ಯಂತ ಬಾಳಿಕೆ ಬಂದ ಉತ್ಪನ್ನವನ್ನು ಈಗ ನೀವು ಹಳೇ ಬನಿಯನ್ನಿನಿಂದ ಒರೆಸುತ್ತಿದ್ದೀರಿ.

ತೆಗೆಯಲು ಶಾಖ ಬೇಕು. ಹೇರ್ ಡ್ರೈಯರ್ ಒಂದು ಪಂಥ, ಕುದಿನೀರು ಇನ್ನೊಂದು ಪಂಥ. ಟೆಕ್ಸಾಸಿನವರದು ಮೂರನೇ ಪಂಥ: ಕಪ್ಪು ಕಸದ ಚೀಲದಲ್ಲಿ ರೈಫಲ್ ಸುತ್ತಿ ಜುಲೈ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಲಗಿಸುವುದು. ಕಪ್ಪು ಚೀಲದಲ್ಲಿ ಉದ್ದಗೆ ಸುತ್ತಿದ ವಸ್ತುವನ್ನು ಗಂಡಸೊಬ್ಬ ಕಾರಿನ ಹಿಂದಿನ ಸೀಟಿಗೆ ಜೋಪಾನವಾಗಿ ಸಾಗಿಸುವ ದೃಶ್ಯವನ್ನು ಪಕ್ಕದ ಮನೆಯವರಿಗೆ ಮೊದಲೇ ವಿವರಿಸಿಟ್ಟರೆ ಒಳ್ಳೆಯದು. ಅಡುಗೆಮನೆಯ ಅವನ್ ಬಳಸುವ ನಾಲ್ಕನೇ ಪಂಥವೂ ಇದೆ. ಆ ಪಂಥದವರು ಸಾಮಾನ್ಯವಾಗಿ ಒಂಟಿಯಾಗಿ ವಾಸಿಸುತ್ತಾರೆ, ಮೊದಲು ಹಾಗಿರದಿದ್ದರೂ.

ಪೂರ್ತಿ ತೆಗೆದೆ ಎಂದುಕೊಂಡ ಮೇಲೂ ಮರದೊಳಗೆ ಜಿಡ್ಡು ಇರುತ್ತದೆ. ಹತ್ತು ಗುಂಡು ಹೊಡೆದು ನಳಿಗೆ ಕಾದಾಗ ಮರ ಬೆವರಿ ನಿಮ್ಮ ಕೆನ್ನೆಗೆ ಹತ್ತುತ್ತದೆ. ಆ ವಾಸನೆ ಮೂರು ದಿನ ಹೋಗುವುದಿಲ್ಲ. ಹವ್ಯಾಸಿಗಳು ಇದನ್ನು ಇತಿಹಾಸದ ಪರಿಮಳ ಎನ್ನುತ್ತಾರೆ. ಮನೆಯವರು ಏನೆನ್ನುತ್ತಾರೆ ಎಂಬುದು ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ನಂಬರು ಕೂಡುವುದು

ಜಿಡ್ಡು ಹೋದ ಮೇಲೆ ನಂಬರು ನೋಡಬೇಕು. ನಳಿಗೆ, ಬೋಲ್ಟ್, ಹೊಟ್ಟೆಯ ಕೆಳತಗಡು, ಹಿಂಬದಿಯ ತಗಡು, ಈ ನಾಲ್ಕರ ಮೇಲೂ ಒಂದೇ ಸಂಖ್ಯೆ ಇರಬೇಕು. ಇದು ಥೇಟ್ ಜಾತಕ ಕೂಡಿಸುವ ಕೆಲಸ. ಎಲ್ಲ ಕೂಡಿದರೆ ಬೆಲೆ ಏರುತ್ತದೆ. ಕೂಡದಿದ್ದರೆ ನಿಷ್ಪ್ರಯೋಜಕವಲ್ಲ, ಬರೀ ಅವಮಾನ. ಜಾತಕದಂತೆಯೇ ಇಲ್ಲೂ ತಿದ್ದಿ ಕೂಡಿಸುವುದುಂಟು: ಸೋವಿಯತ್ ಕಾರ್ಯಾಗಾರದವರು ರಾಶಿಯಿಂದ ಸಿಕ್ಕ ಬೋಲ್ಟ್ ಎತ್ತಿ ಹಾಕಿ, ಅದರ ಹಳೇ ಸಂಖ್ಯೆ ಅಳಿಸಿ ಹೊಸದನ್ನು ಬರೆದು ಕಳಿಸಿದ್ದಾರೆ. ಇದನ್ನು ಬಲವಂತದ ಹೊಂದಾಣಿಕೆ ಎನ್ನುತ್ತಾರೆ. ಅಂಥ ಬೋಲ್ಟ್‌ಗಳು ಆ ನಳಿಗೆಯೊಡನೆ ಎಪ್ಪತ್ತು ವರ್ಷ ತಕರಾರಿಲ್ಲದೆ ಬಾಳಿವೆ ಎಂಬುದನ್ನು ಸಂಗ್ರಾಹಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಳಿಗೆಯ ಬಾಯಿ ಸವೆದಿದ್ದರೆ ತುದಿಯಿಂದ ಒಂದಷ್ಟು ಒಳಗೆ ಅಗಲವಾಗಿ ಕೊರೆದಿರುತ್ತಾರೆ. ಸೈನಿಕರು ಉಕ್ಕಿನ ಸಲಾಕೆ ತುರುಕಿ ತುರುಕಿ ತೊಳೆದದ್ದರ ಫಲ ಅದು. ಗೀರಿದ್ದರೆ ಕದನ. ಮರದ ಮೇಲೆ ಕಚ್ಚು ಇದ್ದರೆ ಕೊಂದವರ ಲೆಕ್ಕ. ಉಗ್ರಾಣದಲ್ಲಿ ಪೆಟ್ಟಿಗೆ ಬಿದ್ದು ಆದ ಕಚ್ಚಾಗಿರಬಹುದು ಎನ್ನುವವನನ್ನು ಮುಂದಿನ ಸಲ ಕರೆಯಬೇಡಿ.

ಗುಂಡು

ಆನೆ ಕೊಂಡ ಮೇಲೆ ಅಂಕುಶಕ್ಕೆ ಚೌಕಾಶಿ ಮಾಡಬಾರದು ಎಂಬ ಗಾದೆ ಈ ಹವ್ಯಾಸದವರಿಗೆಂದೇ ಇದ್ದಂತಿದೆ. 2010ರ ಆಸುಪಾಸಿನಲ್ಲಿ ಮೋಸಿನ್ 100 ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ಅದರ ಗುಂಡು 440ರ ತಗಡಿನ ಡಬ್ಬಿಗಳಲ್ಲಿ ಬರುತ್ತಿತ್ತು. ಎರಡು ಡಬ್ಬಿಗೆ ಒಂದು ಮರದ ಪೆಟ್ಟಿಗೆ, ತೆರೆಯಲು ಒಂದು ವಿಶೇಷ ಕತ್ತಿ. ಅಗ್ಗವಾಗಿದ್ದಾಗ ಜನ, ಹೇಗೂ ಸಿಗುತ್ತದಲ್ಲ ಎಂದು ಸುಮ್ಮನಿದ್ದರು. ಉಗ್ರಾಣಗಳು ಬರಿದಾದವು, 2021ರ ಸೆಪ್ಟೆಂಬರಿನಿಂದ ರಷ್ಯದ ಗುಂಡಿನ ಆಮದಿಗೂ ಅಮೆರಿಕ ತಡೆ ಹಾಕಿತು. ಈಗ ರೈಫಲ್‌ಗೆ ನೂರಾರು ಡಾಲರ್. ಬೆಲೆ ಏರಿದ ಮೇಲೆ ಎಲ್ಲರೂ ಕೊಳ್ಳಲು ಹೊರಟರು. ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಂದೂಕನ್ನು ಇಡಲು ಕಬ್ಬಿಣದ ಕಪಾಟು ಬೇಕು. ಅದು ಬಂದೂಕಿಗಿಂತ ದುಬಾರಿ. ಅಷ್ಟು ದೊಡ್ಡ ಕಪಾಟಿನಲ್ಲಿ ಒಂದೇ ಬಂದೂಕು ಇಡುವುದು ದುಂದು. ಉಳಿತಾಯದ ದೃಷ್ಟಿಯಿಂದ ಇನ್ನೂ ಐದು ಬಂದೂಕು ಕೊಳ್ಳಬೇಕಾಗುತ್ತದೆ.

ಹೊಡೆಯುವುದು

ಶೂಟಿಂಗ್ ರೇಂಜಿನ ಬಾಗಿಲಲ್ಲಿ ಮೇಲ್ವಿಚಾರಕ ನಿಮ್ಮ ಗುಂಡಿಗೆ ಅಯಸ್ಕಾಂತ ಹಿಡಿಯುತ್ತಾನೆ. ಅದು ಅಂಟಿಕೊಳ್ಳುತ್ತದೆ. ಸೋವಿಯತ್ತರು ಸೀಸ ಉಳಿಸಲು ಗುಂಡಿನೊಳಗೆ ಮೆದು ಉಕ್ಕಿನ ತಿರುಳು ಇಟ್ಟಿದ್ದಾರೆ. ಅನೇಕ ರೇಂಜ್‌ಗಳಲ್ಲಿ ಅಂಥದ್ದಕ್ಕೆ ಪ್ರವೇಶವಿಲ್ಲ. ಹೊಸ ಹವ್ಯಾಸಿಯ ಮೊದಲ ಶೂಟಿಂಗ್ ಬಹುಪಾಲು ಇಲ್ಲಿಗೆ ಮುಗಿಯುತ್ತದೆ. ತಜ್ಞರ ಪ್ರಕಾರ ಇದೇ ಅತ್ಯುತ್ತಮ ಶೂಟಿಂಗ್: ಭುಜ ನೋಯುವುದಿಲ್ಲ, ತೊಳೆಯುವ ಕೆಲಸವಿಲ್ಲ, ದೂರಲು ಮೇಲ್ವಿಚಾರಕನಿದ್ದಾನೆ.

ಒಳಗೆ ಬಿಟ್ಟರೆ ಮುಂದಿನದ್ದು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಹಿಂಬದಿಗೆ ರಬ್ಬರ್ ಇಲ್ಲ, ಉಕ್ಕಿನ ತಗಡು. ಟ್ರಿಗರ್ ಎಳೆದೊಡನೆ ನಾಲ್ಕು ಕೆಜಿ ರೈಫಲ್ ತಾನು ಯಾವ ಯುದ್ಧಕ್ಕೆ ಹುಟ್ಟಿದ್ದು ಎಂದು ನಿಮ್ಮ ಭುಜಕ್ಕೆ ತಿಳಿಸುತ್ತದೆ. ಇಪ್ಪತ್ತು ಗುಂಡಿನ ಹೊತ್ತಿಗೆ ಭುಜ ನೀಲಿಯಾಗಿ, ಸೋಮವಾರ ಆಫೀಸಿನಲ್ಲಿ ಲ್ಯಾಪ್‌ಟಾಪ್ ಚೀಲ ಎಡಗಡೆಗೆ ಹೋಗುತ್ತದೆ. ಯಾರಾದರೂ ಏನಾಯಿತು ಎಂದು ಕೇಳಲಿ ಎಂಬುದೇ ಚೀಲದ ಉದ್ದೇಶ.

ಗುಂಡು ಗುರಿ ತಪ್ಪಿ ಬೀಳುತ್ತದೆ. ಕಾರಣವಿದೆ: ಈ ರೈಫಲನ್ನು ಕಾರ್ಖಾನೆಯಲ್ಲಿ ಬಯನೆಟ್ ಸಿಕ್ಕಿಸಿಯೇ ಗುರಿಗೆ ಹೊಂದಿಸಿದ್ದಾರೆ. ನೂರು ಗಜದಾಚೆಯ ಕಾಗದವನ್ನು ಸರಿಯಾಗಿ ಹೊಡೆಯಬೇಕಾದರೆ ಅದನ್ನು ಇರಿಯಲೂ ಸಿದ್ಧರಾಗಿ ನಿಲ್ಲಬೇಕು. ಅಕ್ಕಪಕ್ಕದ ಮೇಜಿನವರು ಆಗ ತಮ್ಮ ಸಾಮಾನು ಸ್ವಲ್ಪ ದೂರ ಎಳೆದುಕೊಳ್ಳುತ್ತಾರೆ. ನಳಿಗೆ ಕಾದ ಮೇಲೆ ಬೋಲ್ಟ್ ಸಿಕ್ಕಿಕೊಳ್ಳುತ್ತದೆ. ಗುಂಡಿನ ಕೋಣೆಯಲ್ಲಿ ಉಳಿದ ಹಳೇ ಜಿಡ್ಡು ಕಾದು ಅಂಟಾಗುವುದು ಇದಕ್ಕೊಂದು ಕಾರಣ. ಕೈಯಿಂದ ಬಾರದಿದ್ದರೆ ಮರದ ತುಂಡಿನಿಂದ ಬಡಿಯುತ್ತಾರೆ. ಜರ್ಮನರು ಓಡಿ ಬರುತ್ತಿದ್ದಾಗ ಆ ಮರದ ತುಂಡನ್ನು ಸೈನಿಕ ಎಲ್ಲಿಟ್ಟುಕೊಂಡಿದ್ದ ಎಂದು ಹೊಸಬ ಕೇಳಬಾರದು.

ತೊಳೆಯುವುದು

ಹಳೇ ಸೇನಾ ಗುಂಡಿನ ಬುಡದ ಕೇಪಿನಲ್ಲಿ (ಪ್ರೈಮರ್) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದು ನಳಿಗೆಯೊಳಗೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು ಬಿಡುತ್ತದೆ. ಅಂಗಡಿಯಲ್ಲಿ ಅಡುಗೆ ಉಪ್ಪಿನ ಬದಲಿಗೆಂದು ಸಿಗುವ ಉಪ್ಪೂ ಅದೇ. ಅದು ಗಾಳಿಯ ತೇವ ಎಳೆದುಕೊಂಡು ನಳಿಗೆಗೆ ತುಕ್ಕು ಹಿಡಿಸುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಬಿಸಿನೀರು ಹುಯ್ದು, ಒರೆಸಿ, ಎಣ್ಣೆ ಹಚ್ಚಿದರೆ ಸಾಕು.

ಆದರೆ ನೀರಿಗೆ ದುಡ್ಡು ಕೊಡಬೇಕಾಗಿಲ್ಲವಾದ್ದರಿಂದ ಹವ್ಯಾಸಿಗಳಿಗೆ ಅದರ ಮೇಲೆ ನಂಬಿಕೆ ಕಡಿಮೆ. ಕಿಟಕಿ ಗಾಜು ಒರೆಸುವ ನೀಲಿ ದ್ರಾವಣವೇ ಆಗಬೇಕು ಎನ್ನುವವರಿದ್ದಾರೆ. ಅದರಲ್ಲಿರುವ ಅಮೋನಿಯಾ ಉಪ್ಪನ್ನು ಕೊಲ್ಲುತ್ತದೆ ಎಂಬುದು ಅವರ ಸಿದ್ಧಾಂತ. ಕೆಲಸ ಮಾಡುವುದು ದ್ರಾವಣದೊಳಗಿನ ನೀರು, ಹೆಸರು ಬರುವುದು ಅಮೋನಿಯಾಕ್ಕೆ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆಲ್ಲ ಈ ರಸಾಯನಶಾಸ್ತ್ರ ಗೊತ್ತು.

ಊರಿಗೆ ತಿಳಿಸುವುದು

ತಿಳಿಸದಿರುವುದೇ ಉತ್ತಮ. ತಿಳಿಸಲೇಬೇಕಾದರೆ ಸಂಭಾಷಣೆ ಹೇಗಿರುತ್ತದೆ ಎಂಬುದಕ್ಕೆ ತೀರ್ಥಹಳ್ಳಿ ಕಡೆಯ ಮಾದರಿ ಕೊಟ್ಟಿದೆ. ತಂದೆ ಅಡಿಕೆ ತೋಟದವರು, ಮಂಗ-ಹಂದಿ ಓಡಿಸಲು ಲೈಸೆನ್ಸಿನ ಕೇಪಿನ ಕೋವಿ ಇಟ್ಟುಕೊಂಡವರು.

“ಅಪ್ಪಯ್ಯ, ಒಂದು ರೈಫಲ್ ತಗಂಡೆ.”

“ಯಾಕೋ, ಅಲ್ಲೂ ಹಂದಿ ಕಾಟ ಶುರುವಾಯ್ತಾ?”

“ಹಂದಿ ಬೇಕಾದಷ್ಟಿದಾವೆ. ಆದ್ರೆ ಇದು ಹಂದಿಗಲ್ಲ. ಇದು ಹಿಸ್ಟರಿ ಅಪ್ಪಯ್ಯ. 1942ರದ್ದು.”

“ಹಳೇದಾ? ದುಡ್ಡು ಸಾಲದಿದ್ರೆ ಹೇಳದಲ್ವನೋ.”

“ಹಾಗಲ್ಲ, ಹಳೇದಕ್ಕೇ ಬೆಲೆ.”

“ಇರ್ಲಿ. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಕೊಟ್ ಬರಕ್ಕೆ ಎಷ್ಟು ದೂರ ಆಗ್ತದೆ?”

“ಇಲ್ಲಿ ಕೊಡೋ ಪದ್ಧತಿ ಇಲ್ಲ ಅಪ್ಪಯ್ಯ.”

“ಎಲೆಕ್ಷನ್ ಟೈಮಲ್ಲೂ ಎಲ್ಲರ ಮನೇಲೂ ಇರ್ತದಾ?”

“ಇರ್ತದೆ.”

“ಹುಷಾರು ಮಗ. ಹಾಗಿದ್ರೆ ಊರಿಗೆ ಬಂದ್ಬಿಡು.”

ಹಿರಿಯರಿಗೆ ಇತಿಹಾಸಪ್ರಜ್ಞೆ ಇಲ್ಲ ಎಂದು ತಿಳಿದು ಹವ್ಯಾಸಿ ನೊಂದುಕೊಳ್ಳಬಾರದು. ಬಂದೂಕನ್ನು ಕೆಲಸಕ್ಕೆ ಇಟ್ಟುಕೊಂಡವರು ಅದರ ಬಗ್ಗೆ ಎರಡೇ ಪ್ರಶ್ನೆ ಕೇಳುತ್ತಾರೆ: ಯಾತಕ್ಕೆ, ಮತ್ತು ಬೇಡದಾಗ ಎಲ್ಲಿಡುವುದು. ನಮ್ಮ ಶಾಸ್ತ್ರದಲ್ಲಿ ಈ ಎರಡು ಬಿಟ್ಟು ಉಳಿದೆಲ್ಲಕ್ಕೂ ಉತ್ತರವಿದೆ.

ಉಪಸಂಹಾರ

ಈ ರೈಫಲ್ ನಿವೃತ್ತವಾಗಿದೆ ಎಂಬ ನಂಬಿಕೆಯ ಮೇಲೆ ಇಡೀ ಹವ್ಯಾಸ ನಿಂತಿದೆ. ಅದಕ್ಕೊಂದು ಸಣ್ಣ ತಿದ್ದುಪಡಿ. 2022ರಲ್ಲಿ ಉಕ್ರೇನ್ ಯುದ್ಧ ಪೂರ್ಣ ಪ್ರಮಾಣದಲ್ಲಿ ಶುರುವಾದಾಗ ರಷ್ಯದ ಪರವಾದ ಡೊನೆಟ್ಸ್ಕ್ ಪ್ರತ್ಯೇಕತಾವಾದಿಗಳು ಊರ ಗಂಡಸರನ್ನು ಕಡ್ಡಾಯ ಭರ್ತಿ ಮಾಡಿಕೊಂಡು ರಣರಂಗಕ್ಕೆ ಕಳಿಸಿದರು. ಅವರಲ್ಲಿ ಕೆಲವರ ಕೈಗೆ ಕೊಟ್ಟದ್ದು ಇದೇ ಮೋಸಿನ್. ಚಿತ್ರಗಳು ಜಗತ್ತೆಲ್ಲ ಓಡಾಡಿದವು. ನಂಬರು ಕೂಡಿವೆಯೇ, ಕವಚಕ್ಕೆ ಕೋನಗಳಿವೆಯೇ ಎಂದು ನೋಡಿಕೊಳ್ಳಲು ಅವರಿಗೆ ಪುರಸೊತ್ತಿರಲಿಲ್ಲ. 1891ರ ಬಂದೂಕು ಹಿಡಿದು ಎದುರಿಗೆ ಫಿರಂಗಿ, ಡ್ರೋನುಗಳನ್ನು ನೋಡುವವನಿಗೆ ಅದು ಸ್ಮಾರಕವಸ್ತು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

1942ರಲ್ಲಿ ಇದನ್ನು ಹಿಡಿದ ಹುಡುಗನಿಗೂ ಯಾರೂ ಹೇಳಿರಲಿಲ್ಲ. ಭುಜ ನೀಲಿಯಾಯಿತೆಂದು ಅವನು ಬೈಗಿನ ಹೊತ್ತಿಗೆ ಮನೆಗೆ ಹೋಗುವಂತಿರಲಿಲ್ಲ. ನಾವು ಗೀರು, ಕಚ್ಚು, ಕೋನ, ಮುದ್ರೆ ಎಲ್ಲದರ ಕೋಷ್ಟಕ ಮಾಡಿದ್ದೇವೆ. ಬಳಸಿದವನ ಹೆಸರು ಕೇಳಿದರೆ ಸ್ವಿಸ್ ರೈಫಲ್ ಬಿಟ್ಟು ಬೇರೆ ಯಾವುದರಲ್ಲೂ ಚೀಟಿ ಇಲ್ಲ.

ಇನ್ನು ಹೊಸ ಹವ್ಯಾಸಿಗೆ ಕೊನೆಯ ಸೂಚನೆ. ನಿಮ್ಮ ಮೋಸಿನ್‌ನ ದೂರದ ಪಟ್ಟಿಯಲ್ಲಿ 2,000 ಮೀಟರ್‌ವರೆಗೆ ಗುರುತುಗಳಿವೆ. ಅಷ್ಟು ದೂರ ಹೋಗಿ ಬೀಳಲೆಂದೇ ಮಾಡಿದ ಗುಂಡಿಗೆ ನಿಮ್ಮ ಗ್ಯಾರೇಜಿನ ಪ್ಲೈವುಡ್ ಗೋಡೆ ಲೆಕ್ಕವಿಲ್ಲ. ಮೊದಲು ಬೀಗ ಕೊಳ್ಳಿ, ಆಮೇಲೆ ಬಂದೂಕು. ಗುಂಡನ್ನು ಬೇರೆ ಕಡೆ ಇಡಿ, ಬೀಗದ ಕೈಯನ್ನು ಮಕ್ಕಳಿಗೆ ಗೊತ್ತಾಗದ ಕಡೆ ಇಡಿ. ಮೇಲಿನ ಉಳಿದ ಯಾವ ಸಲಹೆಯನ್ನೂ ಪಾಲಿಸದಿದ್ದರೆ ಯಾರಿಗೂ ನಷ್ಟವಿಲ್ಲ.